ಕೆಂಪಿನ ಅಳತೆ

ಸಿಸ್ಟರ್ ಸೂಜಿಯನ್ನು ಚರ್ಮದ ಕೆಳಗೆ ಮಲಗಿಸಿದಂತೆ ತಳ್ಳಿದಾಗ ನನ್ನ ಮುಂಗೈ ಮೇಲೆ ಪುಟ್ಟ ಗುಳ್ಳೆಯೊಂದು ಎದ್ದಿತು. ನಾನು ಮುಖ ತಿರುಗಿಸಿಕೊಳ್ಳಲಿಲ್ಲ. ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದವಳು ಸೂಜಿ ನೋಡಿ ಮುಖ ತಿರುಗಿಸಿದಳು ಎಂದು ಎಲ್ಲಿಯಾದರೂ ಬರೆದುಕೊಂಡಾರು ಎಂಬ ಹೆದರಿಕೆಯಿಂದ ಕಣ್ಣು ಬಿಟ್ಟುಕೊಂಡೇ ಕೂತಿದ್ದೆ.

"ಉಜ್ಜಬೇಡ, ಕೆರೀಬೇಡ, ಏನೂ ಹಚ್ಚಬೇಡ," ಎಂದರು ಸಿಸ್ಟರ್. "ಬುಧವಾರ ಬಾ, ನೋಡ್ತೀನಿ. ಅದಕ್ಕಿಂತ ತಡ ಮಾಡಿದ್ರೆ ಮತ್ತೆ ಮೊದಲಿಂದ ಚುಚ್ಚಬೇಕಾಗುತ್ತೆ."

"ಊದಿದ್ರೆ, ಸಿಸ್ಟರ್?"

"ಊದಿದ್ರೆ ಅಳೀತೀವಿ. ಹತ್ತು ಮಿಲಿಮೀಟರ್ ಒಳಗಿದ್ರೆ ಯೋಚನೆ ಇಲ್ಲ. ದಾಟಿದ್ರೆ ಡಾಕ್ಟರು ನೋಡ್ತಾರೆ."

ಆಮೇಲೆ ಅವರು ನನ್ನ ಫಾರಂ ತಿರುವಿ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ಈಗ ಯಾರಿಗಾದರೂ ಬಿಡದೆ ಕೆಮ್ಮು ಇದೆಯೇ ಎಂದು ಕೇಳಿದರು. ತಾತನಿಗೆ ಇತ್ತು, ನಾನು ಹುಟ್ಟುವುದಕ್ಕೆ ಮುಂಚೆ ಎಂದೆ. ಈಗ ಯಾರಿಗೂ ಇಲ್ಲ ಎಂದೆ. ಅವರು ಬರೆದುಕೊಳ್ಳಲಿಲ್ಲ. "ಕೈ ನೋಡುವ ದಿನ ಇನ್ನೊಂದ್ಸಲ ಕೇಳ್ತೀನಿ, ಆವಾಗ ಬರೆದು ಸಹಿ ಹಾಕಿಸ್ಕೋತೀನಿ. ಮನೇಲೂ ಕೇಳ್ಕೊಂಡು ಬಾ," ಎಂದು ಮುಂದಿನವರನ್ನು ಕರೆದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದೆ, ತುಂಬಿದ ಬಟ್ಟಲು ಹಿಡಿದವಳ ಹಾಗೆ. ಯಾರಾದರೂ ತಾಗಿ ಗುಳ್ಳೆ ಒಡೆದುಹೋದರೆ? ಒಡೆದದ್ದಕ್ಕೇ ಊದಿದರೆ? ನನ್ನ ಸ್ವಭಾವವೇ ಅಂಥದು. ಬಾಗಿಲಿಗೆ ಬೀಗ ಹಾಕಿ ಬೀದಿ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಬಂದು ಎಳೆದು ನೋಡುವವಳು ನಾನು. ಯಾವ ಬಟ್ಟೆಯನ್ನೂ ಎರಡು ಸಲ ಅಳೆಯದೆ ಕತ್ತರಿ ಹಾಕುವುದಿಲ್ಲ. ಅದಕ್ಕೇ ಅತ್ತೆ ನನಗೆ ಇಂಚುಪಟ್ಟಿ ಎಂದು ಹೆಸರಿಟ್ಟಿದ್ದಾಳೆ.

ಬೇರೆಲ್ಲ ಆಗಿತ್ತು. ಹಗಲು ಹೊಲಿದು, ಸಂಜೆ ತರಗತಿಗೆ ಹೋಗಿ, ಬಿಟ್ಟುಹೋಗಿದ್ದ ವಿಜ್ಞಾನದ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದ್ದೆ. ಅಂಕ ಸಾಲುವಷ್ಟಿತ್ತು. ಲಸಿಕೆಯ ಚೀಟಿಗಳಿದ್ದವು. ಸಂದರ್ಶನದಲ್ಲಿ ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಆದರೂ ಆಯ್ಕೆಯಾದವರ ಹೆಸರಿನಲ್ಲಿ ನನ್ನದೂ ಇತ್ತು. ಬಾಕಿ ಇದ್ದದ್ದು ದೇಹ ಸರಿಯಿದೆ ಎಂಬ ವೈದ್ಯಕೀಯ ಪ್ರಮಾಣಪತ್ರ ಮಾತ್ರ. ಶಾಲೆಯ ಕಚೇರಿಯ ಗುಮಾಸ್ತರು ಕಿಟಕಿಯ ಆಚೆಯಿಂದ ನನ್ನ ಹುಟ್ಟಿದ ದಿನವನ್ನು ಬೆರಳಿಟ್ಟು ಓದಿ, "ಶನಿವಾರ ಮಧ್ಯಾಹ್ನದ ಒಳಗೆ ಫಿಟ್‌ನೆಸ್ ತಂದುಕೊಡಿ. ಇಲ್ಲಾಂದ್ರೆ ಸೀಟು ಮುಂದಿನವರಿಗೆ ಹೋಗುತ್ತೆ," ಎಂದಿದ್ದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ವಯಸ್ಸಿಗೆ ಮುಂದಿನ ವರ್ಷ ಈ ಕಿಟಕಿಗೆ ಬರೋ ತೊಂದರೆ ಇರಲ್ಲ," ಎಂದರು. ತಮಾಷೆಗೆ ಹೇಳಿದ್ದಿರಬಹುದು. ಆದರೆ ಅದು ನಿಜವೂ ಆಗಿತ್ತು. ವಯಸ್ಸಿನ ಮಿತಿ ದಾಟಲು ನನಗೆ ಉಳಿದಿದ್ದದ್ದು ಈ ಒಂದು ವರ್ಷವೇ.

ನಮ್ಮದು ಹೊಲಿಗೆ ಮನೆ. ಬೀದಿಗೆ ತೆರೆದ ಮುಂದಿನ ಕೋಣೆ ಅಂಗಡಿ, ಹಿಂದಿನವು ಮನೆ. ಅಪ್ಪ ಕತ್ತರಿಸುವ ಮೇಜು, ಎರಡು ಮೆಷಿನ್, ಇಸ್ತ್ರಿಯ ಹಲಗೆ, ಗೋಡೆಗೆ ಹೊಲಿದು ಮುಗಿಸಿದ ಪ್ಯಾಂಟುಗಳ ಸಾಲು. ಅತ್ತೆ, ಅಂದರೆ ಅಪ್ಪನ ತಂಗಿ, ಹೊಸಲಿನ ಬಳಿ ಬೆಳಕಿಗೆ ಮುಖ ಮಾಡಿ ಕೂತು ಗುಂಡಿಯ ತೂತಿಗೆ ಕಾಜಾ ಹಾಕುತ್ತಾಳೆ, ಗುಂಡಿ ಹಚ್ಚುತ್ತಾಳೆ, ಬೀದಿಯಲ್ಲಿ ಹೋಗುವವರ ಬಟ್ಟೆಗೆಲ್ಲ ಒಂದೊಂದು ಮಾತು ಅಂಟಿಸುತ್ತಾಳೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ನನ್ನನ್ನು ಬೆಳೆಸಿದ್ದು ಇವರಿಬ್ಬರೇ.

ಒಮ್ಮೆ ಅತ್ತೆಗೆ ಆಪರೇಷನ್ ಆದಾಗ ನಾನು ಅವಳ ಜೊತೆ ವಾರ್ಡಿನಲ್ಲಿದ್ದೆ. ಅಲ್ಲೊಬ್ಬ ನರ್ಸ್, ಅತ್ತೆಯನ್ನು ಏಳಿಸದೆಯೇ, ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಹಾಸುಬಟ್ಟೆ ಮಡಿಸುತ್ತ ಹೊಸದನ್ನು ಬಿಚ್ಚುತ್ತ, ಎರಡು ನಿಮಿಷದಲ್ಲಿ ಬದಲಿಸಿಬಿಟ್ಟರು. ಒಂದು ಸುಕ್ಕಿಲ್ಲ. ಬಟ್ಟೆಯನ್ನು ಅಷ್ಟು ಚೆನ್ನಾಗಿ ಬಲ್ಲ ಕೈ ನೋವಿರುವ ಮೈಯನ್ನೂ ಅಷ್ಟೇ ಚೆನ್ನಾಗಿ ಬಲ್ಲದು ಎಂದು ಅವತ್ತು ನೋಡಿದೆ. ಈ ಆಸೆ ಶುರುವಾದದ್ದು ಅಲ್ಲಿಂದ.

ಮನೆಗೆ ಬಂದ ಕೂಡಲೇ ಅತ್ತೆ ನನ್ನ ಕೈ ಎಳೆದು ನೋಡಿದಳು. "ಇಷ್ಟೇನಾ? ನಾವು ದಿನಾ ಸೂಜಿ ಚುಚ್ಚಿಸ್ಕೋತೀವಿ, ಒಬ್ಬರೂ ಒಂದು ಸರ್ಟಿಫಿಕೇಟ್ ಕೊಟ್ಟಿಲ್ಲ!"

"ಉಜ್ಜಬಾರದಂತೆ, ಅತ್ತೆ. ಬಿಡು."

"ಯಾಕೆ ಚುಚ್ಚಿದ್ದು ಅಂತ?"

ಕ್ಷಯ ಇದೆಯೇ ಎಂದು ನೋಡುವ ಪರೀಕ್ಷೆ ಎಂದೆ. ಅತ್ತೆಯ ಕೈ ಸಡಿಲವಾಯಿತು. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ತಾತನಿಗೆ ಅದು ಬಂದಿದೆ ಎಂದು ಬೀದಿಗೆ ಗೊತ್ತಾದ ವಾರ ಗಿರಾಕಿಗಳು ಬಂದು ತಮ್ಮ ಬಟ್ಟೆ ವಾಪಸು ಕೇಳಿದರಂತೆ. ಹೊಲಿದದ್ದನ್ನೂ ಒಯ್ದರು, ಕತ್ತರಿಸಿಟ್ಟದ್ದನ್ನೂ ಒಯ್ದರು. ಒಬ್ಬರು ಒಂದೇ ತೋಳು ಕೂಡಿಸಿದ್ದ ಶರಟನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋದರಂತೆ. ಅತ್ತೆ ಆಗ ಲಂಗ ಹಾಕುವ ಹುಡುಗಿ. ಅಪ್ಪನೂ ಅವಳೂ ಹೊಸಲಿನಲ್ಲಿ ನಿಂತು ನೋಡಿದ್ದರು. ಅಂಗಡಿ ಮತ್ತೆ ತೆರೆಯಲು ವರ್ಷಗಳೇ ಹಿಡಿದವು.

"ಅದೆಲ್ಲ ಯಾವ ಕಾಲದ್ದೋ," ಎಂದ ಅಪ್ಪ ಮೆಷಿನ್ ಮೇಲಿಂದ ತಲೆಯೆತ್ತದೆ. "ನಿನ್ನ ಕೈ ಏನೂ ಊದಲ್ಲ. ಹೋಗಿ ಊಟ ಮಾಡು."

"ಸಿಸ್ಟರ್ ಮನೇಲೂ ಕೇಳ್ಕೊಂಡು ಬಾ ಅಂದ್ರು. ಯಾರಿಗೂ ಕೆಮ್ಮು ಇಲ್ಲ ತಾನೇ?"

"ಯಾರಿಗಿರುತ್ತೆ?" ಎಂದು ಅಪ್ಪ ಪೆಡಲ್ ಜೋರಾಗಿ ತುಳಿದ.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಕೈ ನೋಡಿದೆ. ಚುಚ್ಚಿದ ಜಾಗದ ಸುತ್ತ ಚರ್ಮ ಕೆಂಪಾಗಿತ್ತು. ಕಿಟಕಿಯ ಬಳಿ ಹೋಗಿ ನೋಡಿದೆ, ದೀಪದ ಕೆಳಗೆ ನೋಡಿದೆ, ಇನ್ನೊಂದು ಕೈಯ ಪಕ್ಕದಲ್ಲಿಟ್ಟು ನೋಡಿದೆ. ಎಲ್ಲಿ ನೋಡಿದರೂ ಕೆಂಪೇ.

ಅತ್ತೆ ಬಂದು ಬಗ್ಗಿದಳು. "ಅಯ್ಯೋ," ಎಂದು, ಕೂಡಲೇ ಬಾಯಿ ಮುಚ್ಚಿಕೊಂಡು, "ಸೊಳ್ಳೆ ಕಚ್ಚಿರಬೇಕು," ಎಂದಳು.

"ಸೊಳ್ಳೆ ಅಲ್ಲೇ ಹುಡುಕಿಕೊಂಡು ಬಂದು ಕಚ್ಚುತ್ತಾ?"

"ನಿನ್ನ ಹಣೆಬರಹಕ್ಕೆ ಕಚ್ಚಿದ್ರೂ ಕಚ್ಚೀತು ಕಣೇ."

ಅಪ್ಪ ಕೊರಳಲ್ಲಿ ನೇತಾಡುತ್ತಿದ್ದ ಟೇಪು ತೆಗೆದುಕೊಂಡು ಬಂದ. ನನ್ನ ಕೈಯನ್ನು ಕತ್ತರಿಸುವ ಮೇಜಿನ ಮೇಲೆ, ಬೆಳಕಿಗೆ ಸರಿಯಾಗಿ ಇಟ್ಟ. ಕೆಂಪು ಎಲ್ಲಿ ಮುಗಿಯುತ್ತದೆಂದು ಬಗ್ಗಿ ನೋಡಿ, ಕಿವಿಯ ಹಿಂದಿನಿಂದ ನೀಲಿ ಚಾಕ್ ತೆಗೆದು, ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಅಂಚಿನ ಸುತ್ತ ಗೆರೆ ಎಳೆದ. ಆಮೇಲೆ ಟೇಪಿನ ಸೆಂಟಿಮೀಟರ್ ಬದಿ ಮೇಲೆ ಮಾಡಿ, ಅತಿ ಅಗಲವಾದ ಕಡೆ ಇಟ್ಟ. ಎದೆಯ ಅಳತೆಯಾಗಲಿ, ಸೊಂಟದ ಅಳತೆಯಾಗಲಿ, ಅವನು ತೆಗೆದುಕೊಳ್ಳುವುದೇ ಹಾಗೆ: ಅಗಲವಾದ ಜಾಗದಲ್ಲಿ, ಉಸಿರಾಡಲು ಒಂದಿಷ್ಟು ಸಡಿಲ ಬಿಟ್ಟು, ಅಳತೆ ಟೇಪಿನ ಎರಡು ಗೆರೆಗಳ ನಡುವೆ ಬಿದ್ದರೆ ಮುಂದಿನ ಗೆರೆಗೆ ಸೇರಿಸಿ. ಹೆಚ್ಚಾದರೆ ಒಳಗೆ ಮಡಚಿಕೊಳ್ಳಬಹುದು, ಕಡಿಮೆಯಾದರೆ ಬಟ್ಟೆಯೇ ಹಾಳು ಎನ್ನುತ್ತಾನೆ. ಅವನಿಗೆ ಇನ್ನೊಂದು ತರಹ ಅಳೆಯಲು ಬರುವುದೇ ಇಲ್ಲ. ನನಗೂ ಅಷ್ಟೆ, ನನಗೆ ಕಲಿಸಿದವನು ಅವನೇ.

"ಎಷ್ಟು?" ಎಂದೆ.

ಅಪ್ಪ ಟೇಪಿನ ಮೇಲೆ ಉಗುರಿಟ್ಟು ಹಿಡಿದ. ನಾನೇ ಬಗ್ಗಿ ನೋಡಿದೆ. ಟೇಪು ಒಂದು ಸೆಂಟಿಮೀಟರ್ ದಾಟಿ ಎರಡರ ಹತ್ತಿರ ಹೋಗಿತ್ತು.

"ಸಂಜೆಗೆ ಇಳಿಯುತ್ತೆ," ಎಂದ.

ಸಂಜೆಗೆ ಕೆಂಪು ಆ ನೀಲಿ ಗೆರೆಯನ್ನು ದಾಟಿತ್ತು.

ಅಂದು ನಾನು ಏನು ಹೊಲಿದೆನೋ ನನಗೆ ಗೊತ್ತಿಲ್ಲ. ಒಂದು ಶರಟಿನ ಕಾಲರನ್ನು ಉಲ್ಟಾ ಕೂಡಿಸಿ ಬಿಚ್ಚಿದೆ, ಬಿಚ್ಚಿ ಮತ್ತೆ ಉಲ್ಟಾ ಕೂಡಿಸಿದೆ. ಅತ್ತೆ ನನಗೆ ಉಪಾಯ ಹೇಳುತ್ತಲೇ ಇದ್ದಳು. ತಣ್ಣನೆ ಬಟ್ಟೆ ಇಡು ಎಂದಳು. ಮುಖದ ಪೌಡರ್ ಹಚ್ಚು ಎಂದಳು. ಕೊನೆಗೆ, "ಬಲಗೈ ತೋರಿಸು. ಅವರಿಗೇನು ನೆನಪಿರುತ್ತಾ, ದಿನಕ್ಕೆ ನೂರು ಕೈ ನೋಡ್ತಾರೆ," ಎಂದಳು.

"ಎಡಗೈ ಅಂತ ಬರೆದುಕೊಂಡಿದ್ದಾರೆ, ಅತ್ತೆ."

"ಬರೆದುಕೊಳ್ಳೋದೇ ಈ ಜನರ ರೋಗ."

ನನಗೆ ನಗು ಬರಲಿಲ್ಲ. ತಲೆಯೊಳಗೆ ಒಂದೇ ಯೋಚನೆ ತಿರುಗುತ್ತಿತ್ತು. ಸೀಟು ಹೋಯಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು. ತಾತ ನಾನು ಹುಟ್ಟುವ ಮುಂಚೆ ಹೋದವನು. ಹಾಗಾದರೆ ಇದು ನನಗೆ ಬಂದದ್ದು ಎಲ್ಲಿಂದ? ಸಂಜೆ ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರನ್ನು ನೆನೆದೆ. ಬಸ್ಸುಗಳನ್ನು ನೆನೆದೆ. ಅಳತೆ ಕೊಡಲು ಬಂದ ಗಿರಾಕಿಗಳನ್ನು ಒಬ್ಬೊಬ್ಬರಾಗಿ ನೆನೆದೆ.

ಸಂಜೆ ಅತ್ತೆ ಪೇಟೆಗೆ ದಾರ ತರಲು ಹೋದಳು. ನಾನು ಹಿಂದಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಮುಂದೆ ಅಪ್ಪನ ಮೆಷಿನ್ ಓಡುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಬಟ್ಟೆ ದಪ್ಪವೋ ತೆಳುವೋ, ನೇರ ಹೊಲಿಗೆಯೋ ತಿರುವೋ, ಗೋಡೆಯಾಚೆಯಿಂದಲೇ ಹೇಳಬಲ್ಲೆ. ಆವತ್ತು ಆ ಸದ್ದಿನಲ್ಲಿ ಏನೋ ಇರಲಿಲ್ಲ. ಸೂಜಿ ಬಟ್ಟೆಯೊಳಗೆ ಇಳಿದು ಏಳುವ ಮಂದ ಶಬ್ದ ಇರಲಿಲ್ಲ. ಬರೀ ಚಕ್ರ, ಬರೀ ಪೆಡಲ್, ಹುಚ್ಚು ಹಿಡಿದ ಹಾಗೆ. ನಾನು ಮಡಿಸುತ್ತಿದ್ದ ಪಂಚೆ ಕೈಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಬಂದೆ.

ಮೆಷಿನ್ ಮೇಲೆ ಬಟ್ಟೆ ಇರಲಿಲ್ಲ. ಸೂಜಿಯಲ್ಲಿ ದಾರವೂ ಇರಲಿಲ್ಲ. ಅಪ್ಪ ನನಗೆ ಬೆನ್ನು ಮಾಡಿ, ಎರಡೂ ಕಾಲಿನಿಂದ ತುಳಿಯುತ್ತ, ಕತ್ತರಿಸಿ ಉಳಿದ ಚಿಂದಿಯ ಉಂಡೆಯೊಂದನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ. ಅವನ ಭುಜಗಳು ಎದ್ದು ಬೀಳುತ್ತಿದ್ದವು. ಮೆಷಿನಿನ ಸದ್ದಿನಲ್ಲಿ ಕೆಮ್ಮು ಮುಳುಗಿಹೋಗುತ್ತಿತ್ತು.

ಕೆಮ್ಮು ನಿಂತಿತು. ಮೆಷಿನೂ ನಿಂತಿತು. ಅವನು ತಿರುಗಿ ನನ್ನನ್ನು ಕಂಡ.

"ಬಾಬಿನ್ ಸುತ್ತುತ್ತಿದ್ದೆ," ಎಂದ.

ಕೆಳದಾರ ಸುತ್ತುವ ಬಾಬಿನ್ ಆಗಲೇ ತುಂಬಿ ಮೇಜಿನ ಮೇಲೆ ಇತ್ತು. ನಾನು ಅದನ್ನು ನೋಡಿದೆ, ಅವನೂ ನೋಡಿದ.

"ಎಷ್ಟು ದಿನದಿಂದ, ಅಪ್ಪಾ?"

"ಹತ್ತಿಯ ಧೂಳು. ಎಲ್ಲ ಟೈಲರಿಗೂ ಇರುತ್ತೆ."

"ನನಗಿಲ್ಲ. ಅತ್ತೆಗಿಲ್ಲ."

"ನಿನ್ನ ಕೆಲಸ ಆಗ್ಲಿ ಮೊದಲು," ಎಂದ ಅಪ್ಪ. ಧ್ವನಿ ತಗ್ಗಿಸಿದ್ದ, ಅಂಗಡಿಯಲ್ಲಿ ಇಬ್ಬರೇ ಇದ್ದರೂ. "ಶನಿವಾರ ಕಳೀಲಿ. ನೀನು ಒಳಗೆ ಸೇರ್ಕೋ. ಆಮೇಲೆ ನಾನು ತೋರಿಸ್ಕೋತೀನಿ. ನನ್ನಿಂದ ನಿನ್ನ ಸೀಟು ಹೋಯ್ತು ಅಂತ ಆಗಬಾರದು. ಮತ್ತೆ ಈ ಬೀದಿ..." ಅವನು ಗೋಡೆಯ ಮೇಲಿನ ಪ್ಯಾಂಟುಗಳ ಕಡೆ ನೋಡಿದ. "ನಿಮ್ಮತ್ತೆಗೆ ಹೇಳಬೇಡ."

ನಾನು ಹೇಳಲಿಲ್ಲ. ಯಾರಿಗೂ ಏನೂ ಹೇಳದೆ ಹೋಗಿ ಮಲಗಿದೆ. ಯಾವಾಗಿನಿಂದ ಅಪ್ಪ ಅಷ್ಟು ಜೋರಾಗಿ ತುಳಿಯಲು ಶುರು ಮಾಡಿದ ಎಂದು ಹಿಂದಕ್ಕೆ ಹಿಂದಕ್ಕೆ ಯೋಚಿಸಿದೆ. ಕೆಲಸ ಹೆಚ್ಚಾಗಿದೆ ಎಂದುಕೊಂಡಿದ್ದೆ. ನನ್ನ ಓದಿನ ಖರ್ಚಿಗಾಗಿ ಓಡಿಸುತ್ತಿದ್ದಾನೆ ಎಂದುಕೊಂಡಿದ್ದೆ.

ಬುಧವಾರ ಆಸ್ಪತ್ರೆಯ ಬೆಂಚಿನ ಮೇಲೆ ಉದ್ದ ತೋಳಿನ ರವಿಕೆ ಹಾಕಿಕೊಂಡು ಕೂತಿದ್ದೆ. ತೋಳಿನ ಗುಂಡಿಯನ್ನು ಹಾಕಿದ್ದ ಹಾಗೇ ಬಿಟ್ಟಿದ್ದೆ. ನನ್ನ ಸರದಿ ಬಂದಾಗ ಸಿಸ್ಟರ್ ತಾವೇ ಬಿಚ್ಚಿ ತೋಳು ಮೇಲೆ ಸರಿಸಿದರು. ನೀಲಿ ಗೆರೆ ಇನ್ನೂ ಅಲ್ಲಲ್ಲಿ ಉಳಿದಿತ್ತು.

"ಇದೇನಮ್ಮ ಇದು? ಯಾರು ನಕ್ಷೆ ಬರೆದದ್ದು?"

"ಅಪ್ಪ. ಟೈಲರ್."

"ಕತ್ತರಿ ಹಾಕಲಿಲ್ಲವಲ್ಲ, ಪುಣ್ಯ!" ಎಂದು ಅವರು ನಕ್ಕರು. "ಎಷ್ಟು ಬಂತಂತೆ ಅವರ ಲೆಕ್ಕದಲ್ಲಿ?"

"ಎರಡು ಸೆಂಟಿಮೀಟರ್ ಹತ್ತಿರ." ಹೇಳುವಾಗ ಕಣ್ಣಲ್ಲಿ ನೀರು ಬಂತು.

"ಅವರು ಕೆಂಪು ಅಳೆದಿದ್ದಾರೆ. ನಮಗೆ ಕೆಂಪು ಲೆಕ್ಕಕ್ಕೇ ಇಲ್ಲ. ಗಟ್ಟಿಯಾಗಿ ಉಬ್ಬಿರುತ್ತಲ್ಲ, ಅದು ಮಾತ್ರ." ಅವರು ಬೇರೆಲ್ಲೋ ನೋಡುತ್ತ ಬೆರಳ ತುದಿಯಿಂದ ನನ್ನ ಚರ್ಮವನ್ನು ಸವರಿದರು, ಬಟ್ಟೆಯೊಳಗಿನ ಹೊಲಿಗೆ ಹುಡುಕುವ ಹಾಗೆ. ಗಟ್ಟಿ ಎಲ್ಲಿ ಶುರುವಾಯಿತೋ ಅಲ್ಲೊಂದು ಚುಕ್ಕೆ, ಎಲ್ಲಿ ಮುಗಿಯಿತೋ ಅಲ್ಲೊಂದು ಚುಕ್ಕೆ ಇಟ್ಟರು. ಪುಟ್ಟ ಪಾರದರ್ಶಕ ಪಟ್ಟಿ ಇಟ್ಟು ನೋಡಿದರು. "ಆರು. ಹತ್ತರ ಒಳಗೆ. ನೀನು ಎರಡು ದಿನ ನಿದ್ದೆಗೆಟ್ಟದ್ದು ಸುಮ್ಮನೆ."

ಕೋಣೆ ಒಂದು ಕ್ಷಣ ಹಗುರವಾಯಿತು. ಅಪ್ಪನ ಚಾಕ್ ನೆನಪಾಗಿ ನಗು ಬರುವುದರಲ್ಲಿತ್ತು. ಸಿಸ್ಟರ್ ಫಾರಂ ಎಳೆದುಕೊಂಡು, ಆರು ಎಂದು ಬರೆದು, ಕೆಳಗಿನ ಸಾಲಿಗೆ ಪೆನ್ನು ಇಳಿಸಿದರು.

"ಮನೇಲಿ ಯಾರಿಗೂ ಬಿಡದ ಕೆಮ್ಮು ಇಲ್ಲ, ಅಲ್ವಾ?"

ಪೆನ್ನು 'ಇಲ್ಲ' ಎಂಬುದರ ಪಕ್ಕದಲ್ಲೇ ನಿಂತಿತ್ತು. ನಾನು ತಲೆಯಾಡಿಸಿದ್ದರೂ ಸಾಕಿತ್ತು. ಹೊರಗೆ ಬೆಂಚಿನಲ್ಲಿ ಜನ ಕಾಯುತ್ತಿದ್ದರು, ಅವರಿಗೂ ಬೇಗ ಮುಗಿಯಬೇಕಿತ್ತು. ಆಮೇಲೆ ತೋರಿಸ್ಕೋತೀನಿ ಎಂದಿದ್ದಾನೆ ಅಪ್ಪ. ಆಮೇಲೆ ಎಂದರೆ ಎಂದು? ಅವನು ಈಗ ಒಬ್ಬನೇ ಕೂತು ಖಾಲಿ ಮೆಷಿನ್ ತುಳಿಯುತ್ತಿರಬಹುದು. ನಾನು ಪೆನ್ನಿನ ತುದಿಯನ್ನೇ ನೋಡುತ್ತ ಕೂತೆ.

"ಏನಮ್ಮಾ?"

"ಇದೆ," ಎಂದೆ. "ಅಪ್ಪನಿಗೆ. ಮೊನ್ನೆ ನನಗೆ ಗೊತ್ತಿರಲಿಲ್ಲ. ಮೆಷಿನ್ ಓಡಿಸಿಕೊಂಡು ಕೆಮ್ಮುತ್ತಾರೆ, ನಮಗೆ ಕೇಳಿಸಬಾರದು ಅಂತ."

ಸಿಸ್ಟರ್ ಪೆನ್ನು ಕೆಳಗಿಟ್ಟರು. ಮುಖದ ನಗು ಹೋಗಿತ್ತು, ಆದರೆ ಸಿಟ್ಟೂ ಇರಲಿಲ್ಲ. "ಎಷ್ಟು ವಾರದಿಂದ? ತೂಕ ಇಳಿದಿದ್ದಾರಾ? ಸಂಜೆ ಜ್ವರ?" ಎಂದು ಕೇಳಿದರು. ಅಪ್ಪ ಈಚೆಗೆ ತನ್ನ ಪ್ಯಾಂಟಿನ ಸೊಂಟವನ್ನು ತಾನೇ ಎರಡು ಸಲ ಒಳಗೆ ಹಿಡಿದು ಸಣ್ಣದು ಮಾಡಿಕೊಂಡದ್ದು ನನಗೆ ಆಗ ನೆನಪಾಯಿತು. ಎಲ್ಲರ ಅಳತೆ ನೋಡುವ ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ನೋಡಮ್ಮಾ," ಎಂದರು ಅವರು. "ಮನೇಲಿ ಕಾಯಿಲೆ ಇಲ್ಲಾಂದ್ರೆ ಈ ಆರು ಏನೂ ಅಲ್ಲ. ಇದೆ ಅಂತಾದ್ರೆ ಇದೇ ಆರಕ್ಕೆ ಬೇರೆ ಅರ್ಥ. ನಿನ್ನ ಎದೆಯ ಎಕ್ಸ್‌ರೇ ಆಗಬೇಕು. ಅವರ ಕಫ ಪರೀಕ್ಷೆ ಆಗಬೇಕು. ಅಲ್ಲಿವರೆಗೆ ಡಾಕ್ಟರು ಸಹಿ ಹಾಕಲ್ಲ. ಕೊನೇ ದಿನ ಯಾವಾಗ?"

"ಶನಿವಾರ ಮಧ್ಯಾಹ್ನ."

"ಹಾಗಾದ್ರೆ ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ಬರ್ತಾರಾ?"

ನಾನು ಗೊತ್ತಿಲ್ಲ ಎಂದೆ.

ಮನೆಗೆ ನಡೆದು ಬರುವಾಗ ಬೀದಿಯ ಪ್ರತಿ ಬಾಗಿಲೂ ನನ್ನನ್ನೇ ನೋಡುತ್ತಿದೆ ಅನಿಸಿತು. ಅತ್ತೆ ಹೊಸಲಿನಿಂದಲೇ, "ಏನಾಯ್ತೇ ಇಂಚುಪಟ್ಟಿ?" ಎಂದು ಕೂಗಿದಳು. ನಾನು ಒಳಗೆ ಬಂದು ಅಂಗಡಿಯ ಪರದೆ ಎಳೆದೆ. ಕೈ ಸರಿಯಿದೆ ಎಂದೆ. ಕೆಂಪು ಲೆಕ್ಕಕ್ಕಿಲ್ಲ ಎಂದೆ. ಅತ್ತೆ, "ಅಣ್ಣಾ, ನಿನ್ನ ಟೇಪಿಗೆ ಬೆಂಕಿ ಬೀಳ!" ಎಂದು ಚಪ್ಪಾಳೆ ತಟ್ಟಿದಳು. ಅಪ್ಪ ನಗುತ್ತ ಕುರ್ಚಿಗೆ ಒರಗಿದ. ಆಮೇಲೆ ಉಳಿದದ್ದನ್ನು ಹೇಳಿದೆ.

ಅತ್ತೆಯ ಕೈಯಿಂದ ಸೂಜಿ ಬಿತ್ತು. ಅವಳು ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. "ಕೈಗೆ ಬಂದದ್ದನ್ನ ಎಸೆದು ಬಂದೆಯಲ್ಲೇ ಹುಚ್ಚಿ! ಯಾರು ಕೇಳಿದ್ರು ನಿನ್ನ? ಇಲ್ಲ ಅನ್ನೋಕೆ ಏನು ಬಂದಿತ್ತು?"

"ಬಾಯಿಗೆ ಬರಲಿಲ್ಲ, ಅತ್ತೆ."

"ಈಗ ಬೀದಿಯವರ ಬಾಯಿಗೆ ಬರುತ್ತೆ!" ಅವಳ ಧ್ವನಿ ಒಡೆಯಿತು. "ನೀನು ನೋಡಿಲ್ಲ ಕಣೇ. ಕೋಲಲ್ಲಿ ಎತ್ತಿಕೊಂಡು ಹೋದರು. ಕೋಲಲ್ಲಿ."

ಅಪ್ಪನ ಕಾಲು ತಾನಾಗಿ ಪೆಡಲ್ ಹುಡುಕಿತು. ಚಕ್ರ ಅರ್ಧ ಸುತ್ತು ತಿರುಗಿತು. ಅವನು ಕೈಯಿಟ್ಟು ಅದನ್ನು ನಿಲ್ಲಿಸಿದ. ಆಮೇಲೆ ಕೆಮ್ಮಿದ. ಮೆಷಿನಿನ ಸದ್ದಿಲ್ಲದೆ ಆ ಕೆಮ್ಮನ್ನು ನಾನು ಮೊದಲ ಸಲ ಪೂರ್ತಿ ಕೇಳಿದೆ. ಅದು ಬಾವಿಯಿಂದ ಬಂದ ಹಾಗಿತ್ತು. ಅತ್ತೆ ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟಳು.

ಕೆಮ್ಮು ಮುಗಿದ ಮೇಲೆ ಅಪ್ಪ ಚಿಂದಿಯಿಂದ ಬಾಯಿ ಒರೆಸಿಕೊಂಡ. ಹೆದರಿದ್ದ. ಅಪ್ಪ ಹೆದರಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ?" ಎಂದ.

ಗುರುವಾರ ಅವನು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದ. ಕಫಕ್ಕೆ ಮುಚ್ಚಳದ ಪುಟ್ಟ ಡಬ್ಬಿ ಕೊಟ್ಟರು. ಆಸ್ಪತ್ರೆಯ ಹಿಂಬದಿಯ ತೆರೆದ ಅಂಗಳದಲ್ಲಿ ನಿಂತು ಕೆಮ್ಮಬೇಕಿತ್ತು. ಅಲ್ಲಿ ಮೆಷಿನ್ ಇರಲಿಲ್ಲ. ಇಷ್ಟು ದಿನ ನುಂಗಿಕೊಂಡು ಬಂದವನಿಗೆ ಈಗ ಕೇಳಿದಾಗ ಕೆಮ್ಮು ಬರಲಿಲ್ಲ. "ಗಿರಾಕಿ ಬಂದಾಗಲೇ ಬರೋದು ಇದು," ಎಂದು ಪೆಚ್ಚಾಗಿ ನಕ್ಕ. ಆ ನಗುವೇ ಕೆಮ್ಮನ್ನು ಎಬ್ಬಿಸಿತು. ನಾನು ಎಕ್ಸ್‌ರೇ ಕೋಣೆಯಲ್ಲಿ ತಣ್ಣನೆಯ ಹಲಗೆಗೆ ಎದೆ ಒತ್ತಿ, ಉಸಿರು ಹಿಡಿದು ನಿಂತೆ. ಬಿಡಿ ಎಂದ ಮೇಲೂ ಬಿಡಲು ಮರೆತಿದ್ದೆ.

ಶುಕ್ರವಾರ ಇಬ್ಬರಿಗೂ ಹೇಳಿದರು. ನನ್ನ ಎದೆಯಲ್ಲಿ ಏನೂ ಇರಲಿಲ್ಲ. ಅಪ್ಪನ ಕಫದಲ್ಲಿ ಇತ್ತು.

ಡಾಕ್ಟರು ಹೆಚ್ಚು ಮಾತಾಡುವವರಲ್ಲ. ಅಪ್ಪನಿಗೆ ತಿಂಗಳುಗಟ್ಟಲೆ ಮಾತ್ರೆ, ಒಂದು ದಿನವೂ ತಪ್ಪಿಸಬಾರದು. ಮೊದಲ ಕೆಲವು ವಾರ ಬಾಯಿಗೆ ಮುಸುಕು, ಬೇರೆ ಕೋಣೆ, ತೆರೆದ ಕಿಟಕಿ. ಅತ್ತೆಯ ಪರೀಕ್ಷೆಯೂ ಆಗಬೇಕು. ನನ್ನೊಳಗೆ ಅದು ಮಲಗಿರಬಹುದು, ಏಳದ ಹಾಗೆ ನನಗೂ ಮಾತ್ರೆ. "ಓದೋಕೆ ಇದೇನೂ ಅಡ್ಡಿಯಲ್ಲ," ಎಂದು ಫಾರಂ ಮೇಲೆ ಸಹಿ ಹಾಕಿ, ಸಹಿಯ ಮೇಲೆ ಎರಡು ಸಾಲು ಬರೆದರು: ಮನೆಯಲ್ಲಿ ಕ್ಷಯ ಇದೆ, ಇವಳಿಗೆ ಮುನ್ನೆಚ್ಚರಿಕೆಯ ಮಾತ್ರೆ ನಡೆಯುತ್ತಿದೆ. ನಾನು ಆ ಎರಡು ಸಾಲನ್ನು ದಾರಿಯುದ್ದಕ್ಕೂ ಓದಿದೆ. ಸಹಿಯೊಂದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ಶನಿವಾರ ಗುಮಾಸ್ತರೂ ಆ ಎರಡು ಸಾಲನ್ನೇ ಓದಿದರು. ಒಮ್ಮೆ ಓದಿ ನನ್ನನ್ನು ನೋಡಿದರು, ಮತ್ತೆ ಓದಿದರು. "ಇದನ್ನ ಒಳಗೆ ಕೇಳಬೇಕು," ಎಂದು ಎದ್ದು ಹೋದರು. ಕಿಟಕಿಯ ಆಚೆ ಖಾಲಿ ಕುರ್ಚಿ. ನನ್ನ ಹಿಂದೆ ತಾಯಿಯ ಜೊತೆ ಬಂದಿದ್ದ ಹುಡುಗಿಯೊಬ್ಬಳು ಕಾಲು ಬದಲಿಸುತ್ತ ನಿಂತಿದ್ದಳು. ಕಾಯುವವರಲ್ಲಿ ಮುಂದಿನವಳು ಇವಳೇ ಇರಬಹುದೇ? ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಒಳಗೆ ಯಾರದೋ ಧ್ವನಿ ಏರಿತು, ಇಳಿಯಿತು. ಹೇಳದೆ ಇದ್ದಿದ್ದರೆ ಎಂಬ ಯೋಚನೆ ಆಗ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗುಮಾಸ್ತರು ಬಂದು ಕೂತು, ಮೊಹರನ್ನು ಶಾಯಿಯ ಮೇಲೆ ಎರಡು ಸಲ ಒತ್ತಿ, ಸೀಟಿನ ರಸೀತಿಯ ಮೇಲೆ ಒಂದು ಸಲ ಒತ್ತಿ ಕೊಟ್ಟರು. "ತಿಂಗಳಿಗೊಂದು ಸಲ ಡಾಕ್ಟರ ಚೀಟಿ ತಂದು ತೋರಿಸಬೇಕು. ಒಂದು ತಿಂಗಳು ತಪ್ಪಿದ್ರೂ ಕಷ್ಟ," ಎಂದರು. ನಾನು ಸರಿ ಸರಿ ಎಂದೆ. ಗೇಟಿನ ಹೊರಗೆ ಬಂದು, ಮೊಹರು ನಿಜವಾಗಿ ಬಿದ್ದಿದೆಯೇ ಎಂದು ರಸೀತಿ ಬಿಚ್ಚಿ ನೋಡಿದೆ.

ಮನೆಯಲ್ಲಿ ಅಪ್ಪ ಹಿಂದಿನ ಕೋಣೆಯ ಕಿಟಕಿಯ ಪಕ್ಕ, ಬಾಯಿಗೆ ಮುಸುಕು ಕಟ್ಟಿ ಕೂತಿದ್ದ. ನನ್ನ ಸಮವಸ್ತ್ರದ ಬಿಳಿ ಬಟ್ಟೆಯನ್ನು ಆಯ್ಕೆಯ ಹೆಸರು ಬಂದ ದಿನವೇ ತಂದಿಟ್ಟಿದ್ದ; ಸೀಟು ಕೈಗೆ ಬರುವವರೆಗೆ ಕತ್ತರಿ ಮುಟ್ಟಿಸಿರಲಿಲ್ಲ. ಈಗ ಅಳತೆ ತೆಗೆಯಲು ಹತ್ತಿರ ಬರುವಂತಿಲ್ಲ. ಅತ್ತೆ ಟೇಪು ಹಿಡಿದು ನನ್ನ ಸುತ್ತ ತಿರುಗಿದಳು. ಅವನು ದೂರದಿಂದ ಹೇಳುತ್ತಿದ್ದ.

"ಅಗಲವಾದ ಕಡೆ ಹಿಡಿ. ಬಿಗಿ ಬೇಡ. ಒಂದಿಷ್ಟು ಬಿಡು."

"ಸಾಕು ಸುಮ್ನಿರು. ನಿನ್ನ ಅಳತೆ ನೋಡಿಯೇ ಇವಳು ಎರಡು ದಿನ ಊಟ ಬಿಟ್ಟಿದ್ದು."

ಆಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬರು ಬಂದರು. ಎರಡು ಪ್ಯಾಂಟು ಹೊಲಿಯಲು ಕೊಟ್ಟಿದ್ದವರು. ಪರದೆ ಸರಿಸಿ, "ಏನು, ಮೆಷಿನ್ ಸದ್ದೇ ಇಲ್ಲ?" ಎಂದರು. ಒಳಗೆ ಅಪ್ಪ ಕೆಮ್ಮಿದ. ಅವರು ಕೇಳಿಸಿಕೊಂಡರು. ಅತ್ತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದೆ ಹೋದಳು.

"ನಮ್ಮಣ್ಣನಿಗೆ ಕ್ಷಯ," ಎಂದಳು. ಆ ಶಬ್ದ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಮಾತ್ರೆ ಶುರುವಾಗಿದೆ, ವಾಸಿಯಾಗುತ್ತೆ. ನಿಮ್ಮ ಬಟ್ಟೆ ಇನ್ನೂ ಕತ್ತರಿಸಿಲ್ಲ. ನಾನೂ ಇವಳೂ ಹೊಲಿದ್ರೆ ಆಗುತ್ತೆ ಅಂದ್ರೆ ಬಿಡಿ, ಬೇಡಾಂದ್ರೆ ತಗೊಳ್ಳಿ."

ಬ್ಯಾಂಕಿನವರು ಹೊಸಲಿನಲ್ಲೇ ನಿಂತರು. ಅದೂ ಇದೂ ಹೇಳಿದರು, ಮನೆಯಲ್ಲಿ ಮಕ್ಕಳಿದ್ದಾರೆ ಎಂದರು. ಅತ್ತೆ ಬಟ್ಟೆ ತಂದು ಕೈಗೆ ಕೊಟ್ಟಳು. ಅವರು ಕೋಲಿನಿಂದಲ್ಲ, ಕೈಯಲ್ಲೇ ತೆಗೆದುಕೊಂಡರು. ಆದರೆ ತೆಗೆದುಕೊಂಡು ಹೋದರು.

ಅವರು ಬೀದಿ ತಿರುಗುವವರೆಗೆ ಅತ್ತೆ ಹೊಸಲಿನಲ್ಲೇ ನಿಂತು ನೋಡಿದಳು. ನಾಳೆ ಯಾರು ಬರುತ್ತಾರೋ, ಯಾರು ಬರುವುದಿಲ್ಲವೋ. ಗೋಡೆಯ ಮೇಲೆ ಇನ್ನೂ ಒಂದು ಸಾಲು ಬಟ್ಟೆ ಇತ್ತು.

"ಹೋಗ್ಲಿ ಬಿಡು," ಎಂದ ಅಪ್ಪ ಮುಸುಕಿನ ಒಳಗಿಂದ. "ಅವರ ಸೊಂಟ ಈ ವರ್ಷ ಹೆಚ್ಚಾಗಿದೆ. ತಂದಿದ್ದ ಬಟ್ಟೆ ಹೇಗೂ ಸಾಲ್ತಿರಲಿಲ್ಲ."

ಅತ್ತೆ ಅಳುತ್ತ ನಕ್ಕಳು. ಆಮೇಲೆ ಟೇಪು ತೆಗೆದು, "ಕೈ ಎತ್ತೇ," ಎಂದಳು. ನಾನು ಕೈ ಎತ್ತಿದೆ. ಮುಂಗೈ ಮೇಲಿನ ಕೆಂಪು ಕಂದುಬಣ್ಣಕ್ಕೆ ತಿರುಗಿತ್ತು. ಅಪ್ಪ ಮತ್ತೆ ಕೆಮ್ಮಿದ, ಅತ್ತೆ ಅಳತೆ ಮರೆತಳು, ಮತ್ತೆ ಮೊದಲಿಂದ ಅಳೆದಳು.